ನಾಲ್ಕು ಡಿಗ್ರಿಯ ಸುಳ್ಳು

ಕಳೆದ ಮೇ ತಿಂಗಳಲ್ಲಿ ನಮ್ಮ ಡೊಂಬಿವಲಿ ಪೂರ್ವದ ಒಂದು ಸಣ್ಣ ಉಡುಪಿ ಹೋಟೆಲಿನಲ್ಲಿ ನಾಲ್ಕು ದಿನ ಸಾಲಾಗಿ ಇಡ್ಲಿ ಹುಳಿಯಾಗಿತ್ತು. ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ ಇರುವ ಹೋಟೆಲು. ಏಳೂವರೆಗೆ ಅಲ್ಲಿ ಎರಡು ಇಡ್ಲಿ, ಒಂದು ಕಾಫಿ ಮುಗಿಸಿ, ಲೋಕಲ್ ಹಿಡಿದು ಠಾಣೆಗೆ ಹೋಗಿ, ಅಲ್ಲಿಂದ ಗಾಡಿ ಬದಲಿಸಿ ಐರೋಲಿಗೆ ಹೋಗುವುದು ನನ್ನ ಎಷ್ಟೋ ವರ್ಷಗಳ ದಿನಚರಿ. ಮೊದಲ ದಿನ ಸುಮ್ಮನೆ ತಿಂದೆ. ಎರಡನೇ ದಿನ ಚಟ್ನಿ ಹೆಚ್ಚು ಹಾಕಿಸಿಕೊಂಡೆ. ಮೂರನೇ ದಿನ ಕಾಫಿಯ ಹಾಲು ಒಡೆಯಿತು. ನಾಲ್ಕನೇ ದಿನ ಗಲ್ಲಾದಲ್ಲಿ ಕೂತಿದ್ದ ಧಣಿಗಳೇ ನನ್ನನ್ನು ಕರೆದರು.

“ನೀವು ಕಂಪ್ಯೂಟರ್ ಇಂಜಿನಿಯರ್ ಅಲ್ವಾ? ಒಳಗೆ ಬಂದು ಆ ಫ್ರಿಜ್ಜನ್ನೊಮ್ಮೆ ನೋಡಿ ಮಾರಾಯ್ರೆ.”

ಊರು ಬಿಟ್ಟು ಬಂದ ನಮ್ಮವರಲ್ಲಿ ಇದೊಂದು ನಂಬಿಕೆ. ಕಂಪ್ಯೂಟರ್ ಗೊತ್ತಿದ್ದವನಿಗೆ ಟಿವಿ, ಫ್ರಿಜ್ಜು, ಆಧಾರ್ ಕಾರ್ಡಿನ ತಿದ್ದುಪಡಿ, ಊರಿಗೆ ಹೋಗುವ ರೈಲಿನ ತತ್ಕಾಲ್ ಟಿಕೆಟ್ ಎಲ್ಲವೂ ಗೊತ್ತಿರಲೇಬೇಕು. ನಾನು ಓದಿದ್ದು ಇಲೆಕ್ಟ್ರಾನಿಕ್ಸ್, ಹೊಟ್ಟೆಪಾಡಿಗೆ ಹಿಡಿದದ್ದು ಸಾಫ್ಟ್‌ವೇರ್. ಇಲ್ಲ ಎನ್ನಲಾಗದೆ ಅಡುಗೆಮನೆಗೆ ಹೋದೆ.

ಹೋಟೆಲುಗಳಲ್ಲಿ ಇರುತ್ತದಲ್ಲ, ನಾಲ್ಕು ಬಾಗಿಲಿನ ಎತ್ತರದ ಸ್ಟೀಲ್ ಫ್ರಿಜ್ಜು, ಅದು. ಒಳಗೆ ದೋಸೆ ಹಿಟ್ಟು, ಇಡ್ಲಿ ಹಿಟ್ಟು, ಹಾಲು, ಮೊಸರು, ತುರಿದ ತೆಂಗಿನಕಾಯಿ. ಮೇಲೆ ಹಣೆಯ ಮೇಲಿನ ತಿಲಕದ ಹಾಗೆ ಒಂದು ಸಣ್ಣ ಡಿಜಿಟಲ್ ಕಂಟ್ರೋಲರ್. ಅದರ ಕೆಂಪು ಅಂಕಿ 4 ಎಂದು ತೋರಿಸುತ್ತಿತ್ತು. ನಾಲ್ಕು ಡಿಗ್ರಿ, ಅಂದರೆ ಎಲ್ಲವೂ ಸರಿ.

ಧಣಿಗಳ ಪ್ರಕಾರ ಕಾರಣ ಎರಡರಲ್ಲಿ ಒಂದು. ನೋಡಲು ಬಂದಿದ್ದ ಮೆಕ್ಯಾನಿಕ್ ಗ್ಯಾಸು ಕಡಿಮೆಯಾಗಿದೆ, ಕಂಪ್ರೆಸರ್ ಸುಸ್ತಾಗಿದೆ, ಬದಲಿಸಬೇಕು ಎಂದಿದ್ದ. ಆದರೆ ಧಣಿಗಳ ಅನುಮಾನ ಬೇರೆ. “ಹಗಲು ಯಾವಾಗ ನೋಡಿದರೂ ನಾಲ್ಕೋ ಐದೋ ಇರ್ತದೆ. ಹಾಗಾದರೆ ಹಾಳಾಗುವುದು ರಾತ್ರಿ. ರಾತ್ರಿ ಇಲ್ಲಿ ಮಲಗುವುದು ಇವನೊಬ್ಬನೇ. ಮೊಬೈಲ್ ಚಾರ್ಜಿಗೆ ಹಾಕಲು ಫ್ರಿಜ್ಜಿನ ಪ್ಲಗ್ಗು ಕೀಳ್ತಾನೆ.”

‘ಇವನು’ ಅಂದರೆ ಬೈಂದೂರು ಕಡೆಯಿಂದ ಬಂದು ಎಂಟು ತಿಂಗಳಾಗಿದ್ದ, ಹತ್ತೊಂಬತ್ತು ವರ್ಷದ ಒಬ್ಬ ಮಾಣಿ. ಅವನ ಸಂಬಳದಲ್ಲಿ ಒಡೆದ ಹಾಲಿನ ದುಡ್ಡು ಆಗಲೇ ಮುರಿದಾಗಿತ್ತು. ತಿಂಗಳ ಕೊನೆಗೆ ಲೆಕ್ಕ ಮುಗಿಸಿಕೊಂಡು ಹೊರಡು ಎಂದೂ ಹೇಳಿಯಾಗಿತ್ತು.

ಹುಡುಗ ನೀರು ಒರೆಸುತ್ತ ನಿಂತಿದ್ದ. ನನ್ನ ಕಡೆ ತಿರುಗಿ, “ನಾ ಪ್ಲಗ್ಗು ಮುಟ್ಟಲಿಲ್ಲ ಸಾರ್. ಮೊದಲು ಇದರ ಶಬ್ದಕ್ಕೆ ನಿದ್ದೆ ಬರ್ತಿರಲಿಲ್ಲ. ಈಗ ಹದಿನೈದು ದಿನದಿಂದ ಒಳ್ಳೆ ನಿದ್ದೆ ಬರ್ತದೆ,” ಅಂದ.

ಧಣಿಗಳಿಗೆ ಅದು ಉಡಾಫೆಯಾಗಿ ಕೇಳಿಸಿತು. ಅಡಿಗೆಯವರು ನಕ್ಕರು. ನಾನೂ ನಕ್ಕೆ. ಅಷ್ಟೇ ಅಲ್ಲ, ಆ ಕೆಂಪು 4 ನೋಡಿ ನನಗೂ ಧಣಿಗಳ ಮಾತೇ ಸರಿ ಎನಿಸಿತ್ತು. “ರಾತ್ರಿ ಎಷ್ಟು ಹೊತ್ತು ಮೊಬೈಲ್ ನೋಡ್ತೀ?” ಎಂದು ಅವನನ್ನು ಕೇಳಿಯೂ ಬಿಟ್ಟೆ. ಅವನು ಉತ್ತರ ಕೊಡಲಿಲ್ಲ.

ಆ ಮಾತು ಮತ್ತೆ ನೆನಪಾದದ್ದು ಸಂಜೆ ಐರೋಲಿಯಿಂದ ಠಾಣೆಗೆ ಬರುವ ಗಾಡಿಯಲ್ಲಿ. ಒಳ್ಳೆ ನಿದ್ದೆ ಬರುತ್ತದೆ ಅಂದರೆ ಶಬ್ದವಿಲ್ಲ. ಶಬ್ದವಿಲ್ಲ ಅಂದರೆ ಕಂಪ್ರೆಸರ್ ಹೆಚ್ಚು ಹೊತ್ತು ನಿಂತಿರುತ್ತದೆ. ಗ್ಯಾಸು ಕಡಿಮೆಯಾದ, ಸುಸ್ತಾದ ಕಂಪ್ರೆಸರ್ ಆಗಿದ್ದರೆ ಆಗಬೇಕಾದದ್ದು ಇದರ ತಿರುಗುಮುರುಗು. ತಂಪು ಸಾಲದೆ ಅದು ಬಿಡುವಿಲ್ಲದೆ ಓಡಬೇಕು, ಅಂಕಿ ಮೇಲೇರುತ್ತಲೇ ಇರಬೇಕು. ಪ್ಲಗ್ಗು ಕಿತ್ತರೆ ಬೆಳಗ್ಗೆ ಮತ್ತೆ ಹಾಕಿದ ಮೇಲೆ ಅದು ಗಂಟೆಗಟ್ಟಲೆ ಓಡಬೇಕು. ಮೇ ತಿಂಗಳ ಸೆಕೆಯಲ್ಲಿ, ಒಳಗೆ ಹಾಲು ಒಡೆಯುತ್ತಿರುವಾಗ, ಒಂದು ಯಂತ್ರ ಹಾಯಾಗಿ ವಿಶ್ರಾಂತಿ ತೆಗೆದುಕೊಳ್ಳುತ್ತಿದೆ ಅಂದರೆ ಅರ್ಥ ಒಂದೇ. ಕೆಲಸ ಮುಗಿದಿದೆ ಎಂದು ಅದಕ್ಕೆ ಯಾರೋ ಸುಳ್ಳು ಹೇಳುತ್ತಿದ್ದಾರೆ.

ಫ್ರಿಜ್ಜಿಗೆ ತಾಪಮಾನದ ಸುದ್ದಿ ಹೇಳುವುದು ಒಬ್ಬನೇ. ಒಳಗೆ ತೂಗುಬಿಟ್ಟಿರುವ, ಕಿರುಬೆರಳಿನ ತುದಿಯಷ್ಟು ದಪ್ಪದ ಸೆನ್ಸರ್.

ಇದರ ಕೆಲಸ ಹೇಗೆಂದು ಸ್ವಲ್ಪ ಹೇಳುತ್ತೇನೆ, ಮುಂದಿನದಕ್ಕೆ ಬೇಕು. ಇಂಥ ಕಂಟ್ರೋಲರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಎನ್‌ಟಿಸಿ ಥರ್ಮಿಸ್ಟರ್. ತಂಪಾದಷ್ಟೂ ಇದರ ವಿದ್ಯುತ್ ಪ್ರತಿರೋಧ ಹೆಚ್ಚುತ್ತದೆ, ಬಿಸಿಯಾದಷ್ಟೂ ಇಳಿಯುತ್ತದೆ. ತಾಮ್ರದಂಥ ಲೋಹಗಳದ್ದು ಇದಕ್ಕೆ ವಿರುದ್ಧ ಸ್ವಭಾವ. ಮೈಕೇಲ್ ಫ್ಯಾರಡೆ 1833ರಲ್ಲೇ ಸಿಲ್ವರ್ ಸಲ್ಫೈಡಿನಲ್ಲಿ ಈ ವಿಚಿತ್ರವನ್ನು ಗಮನಿಸಿ ಬರೆದಿದ್ದ. ಬಳಕೆಯಲ್ಲಿರುವ ಒಂದು ಮಾದರಿಯ ಲೆಕ್ಕ ಹೀಗಿದೆ: 25 ಡಿಗ್ರಿಯಲ್ಲಿ 10 ಕಿಲೋಓಮ್, 10 ಡಿಗ್ರಿಯಲ್ಲಿ ಸುಮಾರು 18, 5 ಡಿಗ್ರಿಯಲ್ಲಿ 22, ಸೊನ್ನೆಯಲ್ಲಿ 27, ಮೈನಸ್ 10ರಲ್ಲಿ 42. ಕಂಟ್ರೋಲರ್ ತಾಪಮಾನವನ್ನು ನೋಡುವುದೇ ಇಲ್ಲ. ಅದು ನೋಡುವುದು ಎರಡು ವೈರುಗಳ ನಡುವಿನ ಈ ಪ್ರತಿರೋಧವನ್ನು. ಆಮೇಲೆ ಒಳಗಿರುವ ಕೋಷ್ಟಕ ನೋಡಿ ‘22 ಕಿಲೋಓಮ್ ಇದೆ, ಹಾಗಾದರೆ 5 ಡಿಗ್ರಿ ಇರಬೇಕು’ ಎಂದು ಊಹಿಸುತ್ತದೆ. ಆ ಊಹೆಯನ್ನು ಕೆಂಪಕ್ಷರದಲ್ಲಿ ತೋರಿಸುತ್ತದೆ. ನಾವದನ್ನು ತಾಪಮಾನ ಎಂದು ಓದುತ್ತೇವೆ.

ವೈರು ಪೂರ್ತಿ ತುಂಡಾದರೆ ಪ್ರತಿರೋಧ ಅನಂತವಾಗುತ್ತದೆ. ಎರಡು ವೈರು ಒಂದಕ್ಕೊಂದು ತಾಗಿದರೆ ಸೊನ್ನೆಯಾಗುತ್ತದೆ. ಎರಡೂ ಅಸಾಧ್ಯವಾದ ಸಂಖ್ಯೆಗಳಾದ್ದರಿಂದ ಕಂಟ್ರೋಲರಿಗೆ ತಪ್ಪು ಗೊತ್ತಾಗುತ್ತದೆ. ಅಲಾರಂ ಬರುತ್ತದೆ, ಅಂಕಿಯ ಜಾಗದಲ್ಲಿ ದೋಷದ ಸಂಕೇತ ಬರುತ್ತದೆ. ಹಲವು ಕಂಟ್ರೋಲರ್‌ಗಳು ಆಗ ಸೆನ್ಸರನ್ನು ಬಿಟ್ಟು, ಇಷ್ಟು ನಿಮಿಷ ಓಡು ಇಷ್ಟು ನಿಮಿಷ ನಿಲ್ಲು ಎಂದು ಗಡಿಯಾರದ ಲೆಕ್ಕದಲ್ಲಿ ಕಂಪ್ರೆಸರ್ ನಡೆಸುತ್ತವೆ. ಆದರೆ ಸೆನ್ಸರ್ ಅರ್ಧ ಮಾತ್ರ ಕೆಟ್ಟರೆ? 17 ಇರಬೇಕಾದಲ್ಲಿ 22 ತೋರಿಸಿದರೆ? 22 ಎಂಬುದು ನಂಬಲು ಯೋಗ್ಯವಾದ ಸಂಖ್ಯೆ. ಅಲಾರಂ ಇಲ್ಲ, ಏನೂ ಇಲ್ಲ.

ಶುಕ್ರವಾರ ರಾತ್ರಿ ಹೋಟೆಲು ಮುಚ್ಚುವ ಹೊತ್ತಿಗೆ ಮನೆಯ ಅಡುಗೆ ಥರ್ಮಾಮೀಟರ್ ಹಿಡಿದುಕೊಂಡು ಹೋದೆ. ಒಂದು ಲೋಟ ನೀರಿನಲ್ಲಿ ಅದರ ತುದಿ ಮುಳುಗಿಸಿ ಫ್ರಿಜ್ಜಿನ ನಡುವಿನ ಹಲಗೆಯಲ್ಲಿಟ್ಟೆ. ನೀರಿನಲ್ಲಿ ಏಕೆಂದರೆ ಬಾಗಿಲು ತೆರೆದ ಕೂಡಲೇ ಗಾಳಿಯ ತಾಪ ಬದಲಾಗುತ್ತದೆ, ನೀರಿನದ್ದು ತಟ್ಟನೆ ಬದಲಾಗುವುದಿಲ್ಲ. ಹಿಟ್ಟು, ಹಾಲು ಇದ್ದ ಹಾಗೆಯೇ ಲೋಟದ ನೀರೂ ಇರುತ್ತದೆ. “ಬೆಳಗ್ಗೆ ನಾನು ಬರುವವರೆಗೆ ಬಾಗಿಲು ತೆರೆಯಬೇಡ,” ಎಂದು ಹುಡುಗನಿಗೆ ಹೇಳಿದೆ. ಅವನು ತಲೆಯಾಡಿಸಿದ.

ಶನಿವಾರ ಬೆಳಗ್ಗೆ ಐದೂವರೆಗೆ ಹೋದಾಗ ಕಂಟ್ರೋಲರ್ 5 ತೋರಿಸುತ್ತಿತ್ತು. ಲೋಟದ ಥರ್ಮಾಮೀಟರ್ 11.

ಈಗ ಇಬ್ಬರು ಸಾಕ್ಷಿಗಳು, ಎರಡು ಮಾತು. “ನಿಮ್ಮ ಥರ್ಮಾಮೀಟರೇ ಹಾಳಾಗಿರಬಹುದಲ್ಲ?” ಎಂದರು ಧಣಿಗಳು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳಬಲ್ಲ ಮೂರನೇ ಸಾಕ್ಷಿ ಪ್ರತಿ ಅಡುಗೆಮನೆಯಲ್ಲೂ ಇದೆ. ಮಂಜುಗಡ್ಡೆಯನ್ನು ಸಣ್ಣಗೆ ಪುಡಿ ಮಾಡಿ, ಲೋಟದ ತುಂಬ ಹಾಕಿ, ಸಂದು ತುಂಬುವಷ್ಟು ಮಾತ್ರ ನೀರು ಹೊಯ್ದು, ಚೆನ್ನಾಗಿ ಕಲಕಿ ಐದು ನಿಮಿಷ ಬಿಟ್ಟರೆ ಅದು ಸೊನ್ನೆ ಡಿಗ್ರಿ. ಡೊಂಬಿವಲಿಯಲ್ಲೂ ಸೊನ್ನೆ, ಬೆಂಗಳೂರಿನಲ್ಲೂ ಸೊನ್ನೆ. ಉಪ್ಪು ಮಾತ್ರ ಸೇರಬಾರದು, ಸೇರಿದರೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ತುದಿಯನ್ನು ಲೋಟದ ಗೋಡೆಗೂ ತಳಕ್ಕೂ ತಾಗಿಸಬಾರದು. ನನ್ನ ಥರ್ಮಾಮೀಟರ್ ಅದರಲ್ಲಿ ಸೊನ್ನೆಯ ಹತ್ತಿರವೇ ನಿಂತಿತು. ನಂತರ ಫ್ರಿಜ್ಜಿನ ಸೆನ್ಸರನ್ನು ಕ್ಲಿಪ್ಪಿನಿಂದ ಬಿಡಿಸಿ ಅದೇ ಮಂಜಿನಲ್ಲಿ ಮುಳುಗಿಸಿದೆ. ಕೆಂಪು ಅಂಕಿ ಸರಸರನೆ ಇಳಿದು ಮೈನಸ್ 4ಕ್ಕೆ ನಿಂತಿತು.

ಹಾಗೆಯೇ ಸೆನ್ಸರನ್ನು ಒರೆಸಿ ಹೊರಗಿನ ಗಾಳಿಯಲ್ಲಿ ಹಿಡಿದೆ. ಥರ್ಮಾಮೀಟರ್ 30 ಎಂದಿತು, ಕಂಟ್ರೋಲರ್ 18. ಸೆಕೆಗೆ ಬನಿಯನ್ನು ಒದ್ದೆಯಾಗಿ ನಿಂತಿದ್ದ ಅಡಿಗೆಯವರು ಅದನ್ನು ನೋಡಿ, “ಹದಿನೆಂಟಾ? ಇದು ಮಡಿಕೇರಿಯಾ?” ಅಂದರು. ಆಗ ಧಣಿಗಳಿಗೂ ನಂಬಿಕೆ ಬಂತು.

ಅಷ್ಟರಲ್ಲಿ ಮೆಕ್ಯಾನಿಕ್ಕೂ ಬಂದ. ಅವನು ಹೇಳಿದ ಪರಿಹಾರ ಸುಲಭದ್ದು. ಕಂಟ್ರೋಲರಿನ ಸೆಟ್ಟಿಂಗಿನಲ್ಲಿ ತಿದ್ದುಪಡಿಯ ಅಂಕಿಯೊಂದಿರುತ್ತದೆ. ಸೆನ್ಸರ್ 6 ಕಡಿಮೆ ತೋರಿಸುತ್ತಿದ್ದರೆ ಅಲ್ಲಿ 6 ಕೂಡಿಸಿಬಿಡುವುದು. ಆ ಅಂಕಿ ಇರುವುದು ಅರ್ಧ, ಒಂದು ಡಿಗ್ರಿಯ ಸಹಜ ವ್ಯತ್ಯಾಸಕ್ಕೆ. ಇಲ್ಲಿನ ತಪ್ಪು ಒಂದೇ ಸಮ ಇರಲಿಲ್ಲ. ಸೊನ್ನೆಯಲ್ಲಿ 4 ಡಿಗ್ರಿ, ಹನ್ನೊಂದರಲ್ಲಿ 6, ಮೂವತ್ತರಲ್ಲಿ 12. ತಾಪ ಏರಿದಷ್ಟೂ ತಪ್ಪು ಬೆಳೆಯುತ್ತಿತ್ತು. ಡಿಗ್ರಿಯನ್ನು ಬಿಟ್ಟು ಓಮ್‌ನ ಲೆಕ್ಕದಲ್ಲಿ ನೋಡಿದರೆ ಮಾತ್ರ ಇದು ಸರಳ. ಸೊನ್ನೆಯಲ್ಲಿ 27 ಇರಬೇಕಾದದ್ದು 32 ಆಗಿದೆ. ಹನ್ನೊಂದರಲ್ಲಿ 17 ಇರಬೇಕಾದದ್ದು 22 ಆಗಿದೆ. ಮೂವತ್ತರಲ್ಲಿ 8 ಇರಬೇಕಾದದ್ದು 13 ಆಗಿದೆ. ಮೂರು ಕಡೆಯೂ ಸರಿಯಾಗಿ 5 ಕಿಲೋಓಮ್ ಹೆಚ್ಚು. ಅಂದರೆ ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ಸೆನ್ಸರಿಗೂ ಕಂಟ್ರೋಲರಿಗೂ ನಡುವೆ ಎಲ್ಲೋ 5 ಕಿಲೋಓಮಿನ ಅಡ್ಡಿಯೊಂದು ಕೂತಿದೆ.

ಪ್ಲಗ್ಗು ತೆಗೆದು, ವೈರಿನ ಜಾಡು ಹಿಡಿದು ಹೋದೆವು. ಒಳಗಿನ ಫ್ಯಾನಿನ ಹಿಂದೆ, ನೀರು ತೊಟ್ಟಿಕ್ಕುವ ತಟ್ಟೆಯ ಪಕ್ಕದಲ್ಲಿ, ಕಪ್ಪು ಟೇಪು ಸುತ್ತಿದ ಒಂದು ಜೋಡಣೆ ಸಿಕ್ಕಿತು. ಹಿಂದೊಮ್ಮೆ ಏನೋ ರಿಪೇರಿಯಲ್ಲಿ ವೈರು ತುಂಡಾಗಿತ್ತು. ಯಾರೋ ತಿರುಚಿ ಟೇಪು ಸುತ್ತಿದ್ದರು. ಬೆಸುಗೆ ಹಾಕಿರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಒಳಹೊಕ್ಕ ನಮ್ಮ ಖಾರಿ ಸೀಮೆಯ ತೇವದ ಗಾಳಿ ಅಲ್ಲಿ ನೀರಾಗಿ ಕೂತು, ಟೇಪಿನೊಳಗೆ ಇಳಿದು, ತಾಮ್ರ ಹಸಿರುಗಟ್ಟಿತ್ತು. ಮಲ್ಟಿಮೀಟರ್ ಹಿಡಿದು ನೋಡಿದೆವು. ಸೆನ್ಸರ್ ಮಂಜಿನಲ್ಲಿದ್ದಾಗ ಜೋಡಣೆ ಸಮೇತ 32 ಕಿಲೋಓಮ್. ಜೋಡಣೆಯನ್ನು ಕತ್ತರಿಸಿ ಸೆನ್ಸರನ್ನಷ್ಟೇ ಅಳೆದಾಗ 27. ಹಸಿರು ತುಕ್ಕು ಕೂಡಿಸಿದ ಆ ಐದೇ ಕಿಲೋಓಮಿಗೆ ಹಾಲು ಒಡೆದಿತ್ತು, ಹಿಟ್ಟು ಹುಳಿಯಾಗಿತ್ತು, ಒಬ್ಬ ಹುಡುಗನ ಕೆಲಸ ಹೋಗುವುದರಲ್ಲಿತ್ತು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ತೇವ ಯಾವಾಗಲೂ ಹೀಗೆಯೇ ಮಾಡುವುದಿಲ್ಲ. ನೀರು ಸೆನ್ಸರಿನ ಕವಚದೊಳಗೇ ಹೊಕ್ಕು ಎರಡು ವೈರುಗಳ ನಡುವೆ ಕಳ್ಳದಾರಿ ಮಾಡಿಕೊಟ್ಟರೆ ಪ್ರತಿರೋಧ ಕಡಿಮೆಯಾಗುತ್ತದೆ. ಆಗ ಕಂಟ್ರೋಲರಿಗೆ ಒಳಗೆ ಬಿಸಿಯಾಗಿದೆ ಎನಿಸುತ್ತದೆ. ಕಂಪ್ರೆಸರ್ ನಿಲ್ಲದೆ ಓಡುತ್ತದೆ, ಮೊಸರು ಗಡ್ಡೆಗಟ್ಟುತ್ತದೆ, ಕರೆಂಟು ಬಿಲ್ಲು ಏರುತ್ತದೆ. ಜೋಡಣೆಗೆ ತುಕ್ಕು ಹಿಡಿದರೆ ಸುಳ್ಳು ತಂಪು, ಸೆನ್ಸರಿಗೆ ನೀರು ಹೊಕ್ಕರೆ ಸುಳ್ಳು ಬಿಸಿ. ನಿಮ್ಮ ಫ್ರಿಜ್ಜಿನ ತರಕಾರಿ ಕೊಳೆಯುತ್ತಿದೆಯೋ ಹೆಪ್ಪುಗಟ್ಟುತ್ತಿದೆಯೋ ನೋಡಿದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಕೆಟ್ಟ ಭಾಗ ಕತ್ತರಿಸಿ, ತಾತ್ಕಾಲಿಕವಾಗಿ ಬೆಸುಗೆ ಹಾಕಿ, ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿಗೆ ಹೋಗಿ ಲ್ಯಾಮಿಂಗ್ಟನ್ ರಸ್ತೆಯಿಂದ ಉದ್ದ ವೈರಿನ ಹೊಸ ಸೆನ್ಸರ್ ತಂದೆ. ನಡುವೆ ಜೋಡಣೆಯೇ ಬೇಡ ಎಂದು. ಬೆಲೆ 300 ರೂಪಾಯಿಯೊಳಗೆ. ತರುವಾಗ ಹಳೆಯದನ್ನು ಜೊತೆಗೆ ಒಯ್ಯಬೇಕು. ಹೊರನೋಟಕ್ಕೆ ಒಂದೇ ಥರ ಕಾಣುವ ಸೆನ್ಸರುಗಳಲ್ಲಿ ತಾಪ ಏರಿದಂತೆ ಪ್ರತಿರೋಧವೂ ಏರುವ ಪಿಟಿಸಿ ಜಾತಿ ಬೇರೆ ಇದೆ. ಕಂಟ್ರೋಲರಿನ ಕೋಷ್ಟಕಕ್ಕೆ ಹೊಂದದ್ದು ಹಾಕಿದರೆ ಹೊಸ ಸುಳ್ಳು ಶುರುವಾಗುತ್ತದೆ. ಸಂಜೆಗೆ ಎಲ್ಲ ಮುಗಿಯಿತು. ಹೊಸ ಸೆನ್ಸರ್ ಮಂಜಿನಲ್ಲಿ ಸೊನ್ನೆ ತೋರಿಸಿತು. ಕಂಪ್ರೆಸರ್ ಗುರ್ರೆಂದು ಶುರುವಾದದ್ದು ಒಂದೂವರೆ ತಾಸು ನಿಲ್ಲಲಿಲ್ಲ.

ಇದು ಹೋಟೆಲು ಫ್ರಿಜ್ಜಿನ ಸಣ್ಣ ಕತೆ. ದೊಡ್ಡ ಕತೆಗಳೂ ಇದೇ ಜಾತಿಯವೇ. 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಒಂದು ವಾಲ್ವ್ ತೆರೆದೇ ಉಳಿದು ತಂಪಿನ ನೀರು ಸೋರಿಹೋಗುತ್ತಿತ್ತು. ನಿಯಂತ್ರಣ ಕೊಠಡಿಯ ದೀಪ ಮಾತ್ರ ವಾಲ್ವ್ ಮುಚ್ಚಿದೆ ಎನ್ನುವ ಹಾಗೆ ಆರಿತ್ತು. ಆ ದೀಪ ತೋರಿಸುತ್ತಿದ್ದದ್ದು ಮುಚ್ಚು ಎಂಬ ಆಜ್ಞೆ ಹೋಗಿದೆ ಎಂಬುದನ್ನು, ವಾಲ್ವ್ ನಿಜವಾಗಿ ಮುಚ್ಚಿದೆಯೇ ಎಂಬುದನ್ನಲ್ಲ. ದೀಪವನ್ನು ನಂಬಿ ಕೂತವರಿಗೆ ಗೊತ್ತಾಗುವಷ್ಟರಲ್ಲಿ ಎರಡು ತಾಸು ಕಳೆದಿತ್ತು. ರಿಯಾಕ್ಟರಿನ ಒಡಲು ಸುಮಾರು ಅರ್ಧದಷ್ಟು ಕರಗಿಹೋಯಿತು.

ನಮ್ಮಲ್ಲೇ ಇದನ್ನು ಚೆನ್ನಾಗಿ ಅರಿತವರಿದ್ದಾರೆ. ಮಕ್ಕಳ ಲಸಿಕೆಗಳನ್ನು 2ರಿಂದ 8 ಡಿಗ್ರಿಯ ನಡುವೆ ಇಡಬೇಕು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆಯ ಫ್ರಿಜ್ಜಿನೊಳಗೆ ಬೇರೆಯೇ ಒಂದು ಥರ್ಮಾಮೀಟರ್ ಇಟ್ಟು, ದಿನಕ್ಕೆ ಎರಡು ಬಾರಿ ನೋಡಿ ಪುಸ್ತಕದಲ್ಲಿ ಬರೆಯುವ ಕ್ರಮವಿದೆ. 2015ರಲ್ಲಿ ಶುರುವಾದ ಇವಿನ್ ವ್ಯವಸ್ಥೆಯಲ್ಲಿ ಪ್ರತ್ಯೇಕ ಸೆನ್ಸರುಗಳು ಮೊಬೈಲ್ ಜಾಲದ ಮೂಲಕ ಈ ತಾಪಮಾನವನ್ನು ಕಳಿಸುತ್ತವೆ. ಅಂದರೆ ಫ್ರಿಜ್ಜು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತನ್ನು ಅಲ್ಲಿ ಯಾರೂ ಕಣ್ಣುಮುಚ್ಚಿ ನಂಬುವುದಿಲ್ಲ. ಹೋಟೆಲಿನಲ್ಲೂ ಇದು ಸಣ್ಣ ವಿಷಯವಲ್ಲ. ಬೇಗ ಕೆಡುವ ಆಹಾರವನ್ನು 5 ಡಿಗ್ರಿಗಿಂತ ಕೆಳಗಿಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಕೆಂಪು 4 ಉರಿಯುತ್ತಿದ್ದಾಗ ಒಳಗೆ ಹತ್ತು ದಾಟಿತ್ತು. ಇಡ್ಲಿ ಹುಳಿಯಾದದ್ದು ಪುಣ್ಯ. ಹುಳಿಯಾಗದೆ ಕೆಡುವ ಪದಾರ್ಥಗಳೂ ಇವೆ.

ಆದರೆ ನನ್ನನ್ನು ಇವತ್ತಿಗೂ ಕಾಡುವುದು ಸೆನ್ಸರ್ ಅಲ್ಲ. ಮೊದಲ ದಿನವೇ ಆ ಅಡುಗೆಮನೆಯಲ್ಲಿ ಸರಿಯಾದ ಮಾಹಿತಿ ಕೊಟ್ಟವನೊಬ್ಬನಿದ್ದ. ಎಂಟು ತಿಂಗಳು ರಾತ್ರಿಯಿಡೀ ಆ ಯಂತ್ರದ ಪಕ್ಕ ಮಲಗಿದವನು ಅವನೊಬ್ಬನೇ. ಅದರ ಶಬ್ದ ಯಾವಾಗ ನಿಂತಿತು, ಎಷ್ಟು ದಿನದಿಂದ ನಿಂತಿದೆ ಎಂಬ ಲೆಕ್ಕ ಅವನ ನಿದ್ದೆಯಲ್ಲಿತ್ತು. ದಿನವಿಡೀ ಪರದೆಯ ಮೇಲಿನ ಹಸಿರು ಕೆಂಪು ಅಂಕಿಗಳನ್ನು ನೋಡಿ ಸಂಬಳ ಎಣಿಸುವ ನಾನು ಅಂಕಿಯನ್ನು ನಂಬಿದೆ, ಅವನನ್ನು ನೋಡಿ ನಕ್ಕೆ. ಅಂಕಿಗೆ ಪ್ಲಗ್ಗು ಕೀಳುವ ಕೈಯಿಲ್ಲ, ಹಾಗಾಗಿ ಅದು ನಿರಪರಾಧಿ. ಮಾಣಿಗೆ ಕೈಯಿದೆ, ಹಾಗಾಗಿ ಅವನು ಅಪರಾಧಿ.

ಮುಂಬಯಿ ಕನ್ನಡಿಗರಾದ ನಮಗೆ ಮಾಣಿ ಎಂದರೆ ಹೊರಗಿನವನಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರ ಒಂದು ತಲೆಮಾರೇ ಇಲ್ಲಿದೆ. ಅವರ ಮಕ್ಕಳು ಇವತ್ತು ಐರೋಲಿ, ಪೊವಾಯಿಗಳ ಎಸಿ ಕಚೇರಿಗಳಲ್ಲಿ ಕೂತಿದ್ದಾರೆ. ಧಣಿಗಳೂ ಹಾಗೆಯೇ ಮೇಲೆ ಬಂದವರು. ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಟೇಬಲ್ ಒರೆಸಿದವರು.

ಅವತ್ತು ಸಂಜೆ ಅವರು ಆ ಹಸಿರುಗಟ್ಟಿದ ವೈರಿನ ತುಂಡನ್ನು ಗಲ್ಲಾದ ಮೇಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಕ್ಷಮೆ ಕೇಳಲಿಲ್ಲ. ಗಲ್ಲಾ ತೆರೆದು, ಸಂಬಳದಲ್ಲಿ ಮುರಿದಿದ್ದ ದುಡ್ಡು ಎಣಿಸಿ, ಹುಡುಗನನ್ನು ಕರೆದು ಕೈಯಲ್ಲಿಟ್ಟರು. “ತಿಂಗಳ ಕೊನೆಯದ್ದು ಎಂತದೂ ಇಲ್ಲ, ಕೆಲಸ ನೋಡು,” ಅಂದರು. ನಾನು ಅವನ ಹತ್ತಿರ ಹೋಗಿ, ಮೊಬೈಲಿನ ಬಗ್ಗೆ ಹಾಗೆ ಕೇಳಬಾರದಿತ್ತು ಎಂದೆ. “ಅಡ್ಡಿಲ್ಲ ಸಾರ್,” ಎಂದ. ಅಡ್ಡಿ ಇತ್ತು ಎಂದು ಅವನ ಮುಖ ಹೇಳುತ್ತಿತ್ತು.

ನನ್ನ ಥರ್ಮಾಮೀಟರ್ ಈಗ ಅಲ್ಲೇ, ನಡುವಿನ ಹಲಗೆಯ ಲೋಟದಲ್ಲಿದೆ. ಗೋಡೆಗೆ ಒಂದು ನೋಟ್‌ಬುಕ್ ತೂಗುಬಿಟ್ಟಿದೆ. ದಿನಕ್ಕೆ ಎರಡು ಸಲ ಅವನೇ ಬರೆಯುತ್ತಾನೆ. ಒಂದು ಸಾಲಿನಲ್ಲಿ ಫ್ರಿಜ್ಜಿನ ಅಂಕಿ, ಇನ್ನೊಂದರಲ್ಲಿ ಲೋಟದ ಅಂಕಿ. ಮೂರನೆಯ ಸಾಲು ನಾವು ಯಾರೂ ಹೇಳದೆ ಅವನೇ ಹಾಕಿಕೊಂಡದ್ದು. ಮೊನ್ನೆ ಕಾಫಿ ಕುಡಿಯುವಾಗ ಆ ಪುಟ ನೋಡಿದೆ. ಫ್ರಿಜ್ಜು 4, ಲೋಟ 4, ಶಬ್ದ ಇದೆ.